ಮೂರು ವಾಕ್ಯಕ್ಕೆ ಎರಡು ಅಂಕ

ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿಯ ಕನ್ನಡ ಉತ್ತರಪತ್ರಿಕೆ ಈ ವಾರ ನನ್ನ ಕೈಗೆ ಬಂತು. ನೋಡಿ ತಲೆ ಕೆಟ್ಟಿತು. ಪ್ರಶ್ನೆ ಇಷ್ಟು: ಕೆರೆ ಒಡೆಯಲು ಕಾರಣವೇನು? ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿ. ಅವಳು ಬರೆದದ್ದು: ‘ಏಡಿ ಕೊರೆದ ಬಿಲದಿಂದ ನೀರು ಜಿನುಗುತ್ತಿದ್ದದ್ದನ್ನು ಕಂಡರೂ ಊರವರು ಸುಮ್ಮನಿದ್ದದ್ದರಿಂದ ರಾತ್ರಿ ಜೋರು ಮಳೆ ಬಂದಾಗ ಕೆರೆಯ ಏರಿ ಒಡೆಯಿತು.’ ಎರಡಕ್ಕೆ ಒಂದು ಅಂಕ. ಪಕ್ಕದಲ್ಲಿ ಕೆಂಪು ಶಾಯಿಯ ಷರಾ: ‘ಒಂದೇ ವಾಕ್ಯ’.

ಪೂರ್ತಿ ಅಂಕ ಗಿಟ್ಟಿಸಿದ ಗೈಡಿನ ಉತ್ತರವನ್ನೂ ತರಿಸಿ ನೋಡಿದೆ. ‘ಏಡಿ ಬಿಲ ಕೊರೆದಿತ್ತು. ನೀರು ಜಿನುಗುತ್ತಿತ್ತು. ಕೆರೆ ಒಡೆಯಿತು.’ ಊರವರು ಎಲ್ಲಿ ಹೋದರು? ಪೂರ್ಣವಿರಾಮಗಳ ಸಂದಿಯಲ್ಲಿ ನುಸುಳಿ ಪಾರಾದರು. ಸಿಕ್ಕಿಬಿದ್ದದ್ದು ಪಾಪದ ಏಡಿ.

ತಿದ್ದಿದ ಅಧ್ಯಾಪಕಿಯನ್ನು ಬೈಯುವ ಮನಸ್ಸಿಲ್ಲ. ಸಮೀಕ್ಷೆ, ಸಭೆ, ಆನ್‌ಲೈನ್ ಎಂಟ್ರಿ ಎಲ್ಲ ಮುಗಿಸಿ ಉತ್ತರಪತ್ರಿಕೆಯ ಕಟ್ಟು ಬಿಚ್ಚುವವರಿಗೆ ವಾಕ್ಯ ಓದುವುದಕ್ಕಿಂತ ಪೂರ್ಣವಿರಾಮ ಎಣಿಸುವುದು ಸುಲಭ. 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆಯ ಜಗಳ 2024ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತಲ್ಲ, ಆಗ ಪರೀಕ್ಷೆ ಬೇಕೋ ಬೇಡವೋ ಎಂದು ಟಿ.ವಿ.ಯಲ್ಲಿ ಗಂಟಲು ಹರಿದುಕೊಂಡವರಲ್ಲಿ ಒಬ್ಬರಾದರೂ ಪ್ರಶ್ನೆಪತ್ರಿಕೆಯನ್ನು ಬಿಡಿಸಿ ನೋಡಿದ್ದರೇ?

ಇದೇ ಹುಡುಗಿ ಮೊನ್ನೆ ಕಾಂಪೌಂಡಿನ ಮೇಲೆ ಕೂತು ನನಗೆ ಹೇಳಿದಳು: ‘ಅಜ್ಜಿ ಬೈತಾಳೆ ಅಂತ ಗೊತ್ತಿದ್ರೂ ಹಿತ್ತಲಿಗೆ ಹೋಗಿ, ಬಾವಿ ಪಕ್ಕ ಬಿದ್ದಿದ್ದ ಚೆಂಡು ತಗೊಂಡು ಬರೋಷ್ಟರಲ್ಲಿ ಇವರೆಲ್ಲಾ ಆಟ ಮುಗಿಸಿಬಿಟ್ಟಿದ್ರು ಅಂಕಲ್!’ ಎಣಿಸಿ ನೋಡಿ. ಬೈಯುವುದು, ಗೊತ್ತಿರುವುದು, ಹೋಗುವುದು, ಬೀಳುವುದು, ತರುವುದು, ಮುಗಿಸುವುದು. ಆರು ಕ್ರಿಯೆ, ಒಂದೇ ಉಸಿರು, ಎಲ್ಲೂ ತೊಡಕಿಲ್ಲ. ಯಾರೂ ಕಲಿಸದೆ ಅವಳ ನಾಲಿಗೆಗೆ ಇದು ಬಂದಿದೆ. ಬಂದು, ಬಂದ, ಬಂದರೆ, ಬಂದರೂ, ಬಂದದ್ದರಿಂದ, ಬರುವಷ್ಟರಲ್ಲಿ: ಕನ್ನಡದಲ್ಲಿ ಒಂದು ಮಾತನ್ನು ಇನ್ನೊಂದಕ್ಕೆ ಕಟ್ಟುವ ದಾರ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಅಂಗನವಾಡಿಯ ಮಗುವಿಗೂ ಅದು ಗೊತ್ತು. ನಲಿ-ಕಲಿಯಲ್ಲಿ ಮೂರು ವರ್ಷ ಹಾಡಿ, ಹರಟಿ, ಕುಣಿದ ಮಗು ನಾಲ್ಕನೇ ತರಗತಿಗೆ ಬಂದು ಪೆನ್ನು ಹಿಡಿಯುತ್ತಲೇ ‘ಇದು ಹಸು. ಹಸು ಹಾಲು ಕೊಡುತ್ತದೆ. ಹಸುವಿಗೆ ನಾಲ್ಕು ಕಾಲು’ ಎಂದು ತೊದಲತೊಡಗುತ್ತದೆ. ಬಾಯಲ್ಲಿ ಹತ್ತು ವರ್ಷ, ಬರಹದಲ್ಲಿ ಎರಡು.

ಯಾಕೆ ಹೀಗೆ? ಅಳತೆಗೋಲು ಮುಟ್ಟದ ಕಡೆ ಪಾಠವೂ ಮುಟ್ಟುವುದಿಲ್ಲ. 2021ರಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿಯ ಓದಿನ ಗುರಿ ನಿಮಿಷಕ್ಕೆ ಕನಿಷ್ಠ 60 ಪದ. ನಾವೆಲ್ಲ ಗಾಬರಿಯಿಂದ ಓದುವ ಅಸರ್ ಸಮೀಕ್ಷೆಯ ವರದಿಯಲ್ಲಿ ಮುಖ್ಯವಾಗಿ ಇರುವುದು ಓದು ಮತ್ತು ಲೆಕ್ಕ. ಮಗು ಎರಡು ಮಾತು ಜೋಡಿಸಿ ಬರೆಯಬಲ್ಲದೇ ಎಂಬ ಚಿಂತೆಗೆ ಅಲ್ಲಿ ಜಾಗವಿಲ್ಲ.

ಹಾಗೆಂದು ವ್ಯಾಕರಣ ಕಲಿಸುತ್ತಿಲ್ಲವೇ? ಅಯ್ಯೋ, ಕಲಿಸುತ್ತಾರೆ! ನನ್ನ ಹಳೇ ಸಿಟ್ಟು ಇದು, ಓದುಗರು ಸಹಿಸಿಕೊಳ್ಳಬೇಕು. ಲೋಪ, ಆಗಮ, ಆದೇಶ ಬಾಯಿಪಾಠ. ಸವರ್ಣದೀರ್ಘಕ್ಕೆ ಐದು ಉದಾಹರಣೆ ಕೇಳಿ, ಮಕ್ಕಳು ಏಳು ಹೇಳುತ್ತಾರೆ. ಎರಡು ಸ್ವರ ಸೇರಿದರೆ ಏನಾಗುತ್ತದೆಂದು ಗೊತ್ತು, ಎರಡು ವಾಕ್ಯ ಸೇರಿದರೆ ಏನಾಗುತ್ತದೆಂದು ಗೊತ್ತಿಲ್ಲ. ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಧಿಪ್ರಕರಣದಿಂದ ಆರಂಭಿಸಿದ. ಆತನ ಮನಸ್ಸಿನಲ್ಲಿದ್ದವರು ಕಾವ್ಯ ಕಟ್ಟುವವರು, ಚಡ್ಡಿ ಹಾಕಿದ ಹುಡುಗರಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದರು; ಅವರ ಕಾಗುಣಿತದ ಬಗ್ಗೆ ಜಗಳವಾಡಿದಷ್ಟು ಉತ್ಸಾಹದಿಂದ ಅವರ ವಾಕ್ಯವಿಚಾರವನ್ನು ನಾವು ಓದಲಿಲ್ಲ. ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯ ಎಂಬ ಪಾಠ ಹೈಸ್ಕೂಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಅದು ಬರೆಯುವ ಕೆಲಸವಾಗಿರದೆ ಗುರುತಿಸಿ ಒಂದು ಅಂಕ ಪಡೆಯುವ ಕೆಲಸವಾಗಿರುತ್ತದೆ.

ಮಾಡಬೇಕಾದದ್ದಕ್ಕೆ ಅನುದಾನ ಬೇಡ, ಸೀಮೆಸುಣ್ಣ ಸಾಕು. ಅಮೆರಿಕದ ಫ್ರಾಂಕ್ ಓ’ಹೇರ್ ಎಂಬಾತ ಏಳನೇ ತರಗತಿಯ ಮಕ್ಕಳಿಗೆ ವ್ಯಾಕರಣದ ಒಂದು ಪಾರಿಭಾಷಿಕ ಪದವನ್ನೂ ಹೇಳದೆ ಬರೀ ಚಿಕ್ಕ ವಾಕ್ಯಗಳನ್ನು ಕೂಡಿಸುವ ಅಭ್ಯಾಸ ಕೊಟ್ಟು, ಅವರ ಬರವಣಿಗೆ ಸುಧಾರಿಸಿದ್ದನ್ನು 1973ರಲ್ಲೇ ಪ್ರಕಟಿಸಿದ. ನಮ್ಮ ಬೋರ್ಡಿನ ಮೇಲೆ ಹೀಗೆ ಬರೆಯಿರಿ: ಅವ್ವ ಸಂತೆಗೆ ಹೋದಳು. ಬಳೆ ತಂದಳು. ಬಳೆ ಒಡೆದಿತ್ತು. ಕೂಡಿಸ್ರಪ್ಪಾ ಅನ್ನಿ. ಒಬ್ಬ ‘ಅವ್ವ ಸಂತೆಗೆ ಹೋಗಿ ತಂದ ಬಳೆ ಒಡೆದಿತ್ತು’ ಅನ್ನುತ್ತಾನೆ. ಇನ್ನೊಬ್ಬಳು ‘ಸಂತೆಗೆ ಹೋದ ಅವ್ವ ಒಡೆದಿದ್ದ ಬಳೆ ತಂದಳು’ ಅನ್ನುತ್ತಾಳೆ. ಒಂದರಲ್ಲಿ ಬಳೆಯ ಮೇಲೆ ಮರುಕ, ಇನ್ನೊಂದರಲ್ಲಿ ಅವ್ವ ಮೋಸಹೋದಳು. ಯಾವುದು ಸರಿ ಎಂದು ಕ್ಲಾಸು ಕಿತ್ತಾಡಲಿ. ಇಂಥ ಪಾಠವನ್ನು ಕೂತು ನೋಡಬೇಕಾದವರು ಇನ್ಸ್‌ಪೆಕ್ಟರರು; ಪಂಜೆ ಮಂಗೇಶರಾಯರಂಥ ಕಥೆಗಾರ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ ನಾಡು ಇದು. ಈಗಿನವರು ಹಾಜರಿ ಪುಸ್ತಕ ತಿರುವಿ ಕಾಫಿ ಕುಡಿದು ಹೋಗುತ್ತಾರೆ.

ಚಿಕ್ಕ ವಾಕ್ಯವೇ ಚೊಕ್ಕ ಎನ್ನುವವರು ಈಗ ಎದ್ದು ನಿಲ್ಲುತ್ತಾರೆ. ಗೊತ್ತು. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದಾಗ ನಮ್ಮ ಮುಖ್ಯ ಉಪಸಂಪಾದಕರೂ ಅದೇ ಪಂಥ. ವರದಿಗಾರ ‘ಗುತ್ತಿಗೆದಾರ ಕಾಮಗಾರಿಯನ್ನು ಅರ್ಧಕ್ಕೆ ಬಿಟ್ಟಿದ್ದರಿಂದ ಶಾಲೆಯ ಗೋಡೆ ಕುಸಿದಿದೆ’ ಎಂದು ಕಳಿಸಿದ್ದ. ಇವರು ಕತ್ತರಿ ಹಾಕಿದರು: ‘ಶಾಲೆಯ ಗೋಡೆ ಕುಸಿದಿದೆ. ಕಾಮಗಾರಿ ಅರ್ಧಕ್ಕೆ ನಿಂತಿತ್ತು.’ ಮರುದಿನ ಗುತ್ತಿಗೆದಾರನೇ ಮೈಸೂರು ಪಾಕಿನ ಡಬ್ಬಿ ಹಿಡಿದು ಕಚೇರಿಗೆ ಬಂದ. ‘ಭಾಷೆ ಬಹಳ ಸರಳವಾಗಿದೆ ಸಾರ್’ ಎಂದ.

ಸರಳ ಭಾಷೆಯ ಅಭಿಮಾನಿಗಳು ಪಾಲಿಕೆಯಲ್ಲೂ ಇದ್ದಾರೆ. ರಸ್ತೆ ಅಗೆಯಲಾಗಿದೆ. ಮಳೆ ಬಂದಿದೆ. ಸವಾರ ಬಿದ್ದಿದ್ದಾನೆ. ಇವನ್ನು ‘ಅಗೆದು ಮುಚ್ಚದೆ ಬಿಟ್ಟಿದ್ದರಿಂದ’ ಎಂದು ಕೂಡಿಸಲು ಕಲಿತ ಮಗು ನಾಳೆ ದೊಡ್ಡದಾಗಿ ಅರ್ಜಿ ಬರೆಯುತ್ತದೆ. ಆ ಅರ್ಜಿಗೆ ಉತ್ತರ ಕೊಡುವುದಕ್ಕಿಂತ ಐದನೇ ಕ್ಲಾಸಿನಲ್ಲೇ ಒಂದು ಅಂಕ ಕಳೆಯುವುದು ಸರ್ಕಾರಕ್ಕೆ ಅಗ್ಗ.