ಕರೆತರುವ ಹೊಣೆ

ತಾಯಿ ಜೈಲಿನಲ್ಲಿದ್ದರೆ ಮಗು ಆರು ವರ್ಷದವರೆಗೆ ಅವಳ ಜೊತೆಗೇ ಇರಬಹುದು. 2006ರ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಷ್ಟು ಹೇಳಿ ಸುಮ್ಮನಾಗಲಿಲ್ಲ. ಆರು ತುಂಬಿ ಸಮಾಜ ಕಲ್ಯಾಣ ಇಲಾಖೆಯ ಆಶ್ರಯಕ್ಕೆ ಹೋದ ಮಗು ವಾರಕ್ಕೊಮ್ಮೆಯಾದರೂ ತಾಯಿಯನ್ನು ನೋಡಬೇಕು, ಅದನ್ನು ಜೈಲಿಗೆ ಕರೆತರುವಂತೆ ನೋಡಿಕೊಳ್ಳುವುದು ಇಲಾಖೆಯ ನಿರ್ದೇಶಕರ ಹೊಣೆ ಎಂದಿತು. ನನಗೆ ಹಿಡಿಸಿದ್ದು ಈ ಕೊನೆಯ ಅಂಶವೇ. ಭೇಟಿಗೆ ಅವಕಾಶವಿದೆ ಎಂದು ಬೋರ್ಡು ಹಾಕುವುದು ಸುಲಭ. ಏಳು ವರ್ಷದ ಮಗು ಒಂಟಿಯಾಗಿ ಬಸ್ಸು ಹತ್ತಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿಗೆ ಬಂದೀತೆ? ಇಲಾಖೆಯ ಆಶ್ರಯದ ಬದಲು ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳಿಗಾಗಿ ಅಜ್ಜಿಯೇ ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹೊಂದಿಸಿಕೊಂಡು, ಆಧಾರ್ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲಬೇಕು. (ಶಾಲೆಯ ರಜೆ ಚೀಟಿಯಲ್ಲಿ ಏನು ಕಾರಣ ಬರೆಸುತ್ತಾಳೋ!) ಅಪ್ಪ ಒಳಗಿದ್ದರಂತೂ ಆ ತೀರ್ಪಿನ ಆಸರೆಯೂ ಕಡಿಮೆ, ಅದು ಬಹುಮಟ್ಟಿಗೆ ತಾಯಂದಿರನ್ನು ಕುರಿತದ್ದು. ಇ-ಮುಲಾಕಾತ್ ಎಂಬ ವಿಡಿಯೊ ಭೇಟಿ ಬಂದಿದೆ, ಒಳ್ಳೆಯದೇ. ಆದರೆ ಮಡಿಲೇರಿ ಹಠ ಮಾಡುವ ವಯಸ್ಸಿನವರಿಗೆ ಮೊಬೈಲ್ ಪರದೆ ಎಲ್ಲಿ ಸಾಕಾಗುತ್ತದೆ? ಶಾಲೆಯಿಲ್ಲದ ಭಾನುವಾರವನ್ನು ಮಕ್ಕಳಿಗೇ ಮೀಸಲಿಟ್ಟು, ಜಾಲರಿಯಿಲ್ಲದ ಒಂದು ಕೋಣೆ ಕೊಟ್ಟು, ಬಸ್ ಖರ್ಚನ್ನೂ ಸರ್ಕಾರವೇ ಭರಿಸಲಿ.