ಕಣ ಇಲ್ಲದ ಊರಿಗೆ ತಂಬೂರಿ ಬಂದಾಗ

ಹೋದ ವಾರ ನಾಲೆ ಕೆಳಗಿನ ಗದ್ದೆ ಕಟಾವು ಮುಗೀತು. ಬೆಳಗ್ಗೆ ಮಿಷಿನ್ನು ಇಳೀತು, ಮಧ್ಯಾಹ್ನ ಭತ್ತ ಟ್ರ್ಯಾಕ್ಟರ್ ತುಂಬಿತ್ತು, ಸಂಜೆಗೆ ವ್ಯಾಪಾರಿ ತೂಕ ಹಾಕಿಸಿಕೊಂಡು ಹೋದ. ಮೂರನೇ ದಿನಕ್ಕೆ ಪಕ್ಕದೂರಿನ ನೀಲಗಾರರ ಗುಡ್ಡಪ್ಪ ಹೆಗಲ ಮೇಲೆ ತಂಬೂರಿ ಇಟ್ಕೊಂಡು ಬಂದರು. ಐದಾರು ವರ್ಷ ಈ ಕಡೆ ಬಂದಿರಲಿಲ್ಲ. "ಕಣ ಎಲ್ ಮಾಡಿದ್ದೀರಿ ಗೌಡ್ರೆ?" ಅಂದರು. ಕಣಾನೇ ಇಲ್ಲ ಗುಡ್ಡಪ್ಪ ಅಂದೆ. ಮೊರದ ತುಂಬ ಕೊಡೋಕೆ ಮನೇಲಿ ಭತ್ತವೂ ಇರಲಿಲ್ಲ. ನೂರು ರೂಪಾಯಿ ಕೊಟ್ಟೆ. ತಗೊಂಡರು, ಒಂದು ಸೊಲ್ಲು ಹೇಳಿ ಹೊರಟರು. ಅವತ್ತಿಂದ ಈ ವಿಷಯ ತಲೇಲಿ ಕೊರೀತಾ ಇದೆ.

ಈಗ ನಮ್ಮ ಹುಡುಗರೆಲ್ಲ ಮೊಬೈಲಲ್ಲಿ ತಂಬೂರಿ ಪದ ಹಾಕ್ಕೊಂಡು "ನಮ್ಮ ಮಂಡ್ಯದ ಸಂಗೀತ" ಅಂತಾರೆ. ಸಂತೋಷ. ಆದರೆ ಇದು ಹುಟ್ಟಿದ್ದು ಎಲ್ಲಿ, ಬದುಕಿದ್ದು ಯಾರಿಂದ ಅಂತ ಕೇಳಿದ್ರೆ ಉತ್ತರ ಬರಲ್ಲ.

ಇದರ ಬೇರು ಮಂಟೇಸ್ವಾಮಿ ಪರಂಪರೆ. ಆ ಒಕ್ಕಲಲ್ಲಿ ದೀಕ್ಷೆ ತಗೊಂಡು ಹಾಡೋರು ನೀಲಗಾರರು. ಮಾದಪ್ಪನ ಕಂಸಾಳೆಯವರು ಬೇರೆ, ಇವರು ಬೇರೆ. ಮುಂದಾಳಿನ ಕೈಲಿ ತಂಬೂರಿ, ಗಗ್ಗರ. ಜೊತೆಯವರ ಕೈಲಿ ದಮ್ಮಡಿ, ತಾಳ. ಮುಂದಾಳು ಕಥೆ ಎತ್ತಿಕೊಳ್ತಾನೆ, ಹಿಮ್ಮೇಳದವರು ಸೊಲ್ಲು ಹಿಡೀತಾರೆ. ನಡುನಡುವೆ ಬರೀ ಮಾತು. ಕಥೆಯ ಒಂದೊಂದು ಭಾಗಕ್ಕೂ 'ಸಾಲು' ಅಂತಾರೆ. ಕುಂದೂರು ಬೆಟ್ಟದ ಸಾಲು, ಹಲಗೂರು ಸಾಲು ಹೀಗೆ. ಕುಂದೂರು ಬೆಟ್ಟ, ಹಲಗೂರು, ಮಂಟೇಸ್ವಾಮಿ ನೆಲೆ ನಿಂತ ಬೊಪ್ಪೇಗೌಡನಪುರ, ಮೂರೂ ನಮ್ಮ ಮಳವಳ್ಳಿ ತಾಲ್ಲೂಕು! ಆಚಾರಿ ಮನೆತನದ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ ಹಲಗೂರಿಗೆ ಹೋಗಿ ಬೇಡೋದು ಚಿನ್ನ ಅಲ್ಲ, ಕಬ್ಬಿಣ. ಕುಲುಮೆ, ಕಬ್ಬಿಣ, ಭಿಕ್ಷೆ ಇದೇ ಈ ಕಾವ್ಯದ ಸಾಮಾನು. ಅರಮನೇಲಿ ಹುಟ್ಟಿದ ಹಾಡಲ್ಲ ಇದು.

ಇದು ಕಣದಲ್ಲಿ ಬದುಕಿದ ಹಾಡು ಅಂತ ನಾನು ಹೇಳ್ತೀನಿ. ಸುಗ್ಗೀಲಿ ರಾಶಿ ಪೂಜೆ ಆದ ಮೇಲೆ ಆಯಗಾರರಿಗೆ ಕೊಟ್ಟ ಹಾಗೆ ಗುಡ್ಡಪ್ಪನಿಗೂ ಒಂದು ಪಾಲು. ಆ ಕಾಳೇ ರಾತ್ರಿಯಿಡೀ ಹಾಡೋ ಗಂಟಲನ್ನ ಸಾಕಿದ್ದು. ಕಣ ಹೋಯ್ತು, ಪಾಲೂ ಹೋಯ್ತು. ಮಿಷಿನ್ನು ತಪ್ಪು ಅಂತಲ್ಲ. ಆಳು ಸಿಗದೆ ನಾನೂ ಅದನ್ನೇ ಕರೆಸೋದು. ಆದರೆ ಮಿಷಿನ್ನಿನ ಬಾಡಿಗೆ ಲೆಕ್ಕ ಹಾಕುವಾಗ ಈ ಪಾಲು ಬಿಟ್ಟುಹೋಗಿದ್ದನ್ನ ಯಾರೂ ಬರೆದಿಡಲಿಲ್ಲ.

ಇನ್ನೊಂದು ಮಾತು, ಕೆಲವರಿಗೆ ಕಹಿ ಆಗಬಹುದು. ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಕಥೇಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಕೊಳಕು ವೇಷದಲ್ಲಿ ಬರ್ತಾರೆ. ಬಾಗಿಲಲ್ಲಿ ತಡೀತಾರೆ. ತಿಪ್ಪೇಲಿ ಬಿದ್ದಿದ್ದವರನ್ನ ಬಸವಣ್ಣನೋರು ಆಮೇಲೆ ಗುರುತು ಹಿಡೀತಾರೆ. ಈ ಸಾಲನ್ನ ಚಿಕ್ಕೋನಿದ್ದಾಗ ನಮ್ಮನೇಲೇ ಕೇಳಿದ್ದೀನಿ. ಹಾಡಿದೋರು ಅಂಗಳದಲ್ಲಿ, ನಮ್ಮ ತಾತ ಜಗಲಿ ಮೇಲೆ. ತಾತ ಕಣ್ಣೀರು ಹಾಕಿಕೊಂಡು ಕೇಳ್ತಿದ್ದರು. ಕಥೆ ಮುಗಿದ ಮೇಲೂ ಅವರನ್ನ ಹೊಸ್ತಿಲ ಒಳಗೆ ಕರೀಲಿಲ್ಲ. ಯಾವ ಬಾಗಿಲ ಕಥೆ ಹೇಳ್ತಿದ್ದರೋ ಅದೇ ಬಾಗಿಲಾಚೆ ಅವರನ್ನ ಕೂರಿಸಿದ್ವಿ. "ನಮ್ಮ ಸಂಗೀತ" ಅನ್ನೋಕೆ ಮುಂಚೆ ಇದನ್ನ ಒಪ್ಪಿಕೊಳ್ಳಬೇಕು.

"ಅವರ ಮಕ್ಕಳು ಓದಿ ಕೆಲಸಕ್ಕೆ ಹೋಗ್ತಾವ್ರೆ, ಇನ್ನೂ ಜೋಳಿಗೆ ಯಾಕೆ ಹಿಡೀಬೇಕು?" ಅಂತ ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಹಿಡೀಬೇಕಾಗಿಲ್ಲ. ಅದಕ್ಕೇ ನಾನು ಭಿಕ್ಷೆ ಅಂತ ಹೇಳ್ತಿಲ್ಲ, ಸಂಭಾವನೆ ಅಂತೀನಿ. ಊರ ಹಬ್ಬಕ್ಕೆ ಆರ್ಕೆಸ್ಟ್ರಾದವರಿಗೆ ಮುಂಗಡ ಕೊಟ್ಟು, ಊಟ ಹಾಕಿ, ವೇದಿಕೆ ಕಟ್ಟಿಸಿಕೊಡ್ತೀವಿ. ತಂಬೂರಿಯವರಿಗೆ ಟೀ ಕುಡಿಸಿ ಶಾಲು ಹೊದಿಸಿ ಕಳಿಸ್ತೀವಿ. ಶಾಲು ಬೇಯಿಸ್ಕೊಂಡು ತಿನ್ನಕಾಯ್ತದಾ?

ಜನವರಿ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ, ಶಿವರಾತ್ರಿಗೆ ಕಪ್ಪಡಿ ಜಾತ್ರೆ. ಅಲ್ಲಿಗೆ ಹೋಗಿ ನೋಡಿ, ಹಾಡೋರು ಇನ್ನೂ ಇದ್ದಾರೆ. ಈ ಎರಡು ಜಾತ್ರೆ ನಡುವೆ ಒಂದು ರಾತ್ರಿ ನಮ್ಮೂರಲ್ಲಿ ಹಲಗೂರು ಸಾಲು ಹಾಡಿಸೋಣ ಅಂತಿದ್ದೀನಿ. ಬೀದೀಲಲ್ಲ, ಸಮುದಾಯ ಭವನದ ಒಳಗೆ. ಊಟ ಎಲ್ಲರಿಗೂ ಒಂದೇ ಪಂಕ್ತೀಲಿ. ಭತ್ತ ಬೆಳೆದ ಮನೆಗೆ ಅರ್ಧ ಮೂಟೆ, ಕಬ್ಬು ಬೆಳೆದೋರು ಅದರ ಬೆಲೆ ಕೊಡಲಿ. ನನ್ನ ಪಾಲಿಗೆ ಒಂದು ಮೂಟೆ ಬರ್ಕೊಳ್ಳಿ. ಮನೇಲಿ ಇಲ್ಲ, ಕೊಂಡೇ ತರ್ತೀನಿ.

ಗುಡ್ಡಪ್ಪನ ಮನೆಗೆ ನಾಳೆ ನಾನೇ ಹೋಗಿ ಕರೆದು ಬರ್ತೀನಿ. ಜೊತೇಲಿ ಬರೋರು ಬೆಳಗ್ಗೆ ಹಾಲಿನ ಡೇರಿ ಹತ್ರ ಸಿಗಿ.