ಯೋಗದಂಡವನ್ನು ವರಿಸಿದ ಕನ್ಯೆ

ಮಕರಸಂಕ್ರಾಂತಿಯ ದಿನಗಳಲ್ಲಿ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಹೋದವರೆಲ್ಲರೂ ಏಳು ನಂದಿಧ್ವಜಗಳ ಮೆರವಣಿಗೆಯನ್ನೂ, ಸಮ್ಮತಿ ಕಟ್ಟೆಯಲ್ಲಿ ಸಹಸ್ರಾವಧಿ ಜನರು ಅಕ್ಷತೆ ಸೂಸುವುದನ್ನೂ ಕಂಡಿರುವರು. ಆದರೆ ಆ ಅಕ್ಷತೆ ಬೀಳುವ ವಿವಾಹವು ಲೋಕದ ಕಥಾಸಂಪತ್ತಿನಲ್ಲಿ ಎಷ್ಟು ಅಪೂರ್ವವಾದುದೆಂದು ಆಲೋಚಿಸಿದವರು ವಿರಳ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನನ್ನೇ ವರಿಸುವೆನೆಂದು ಕುಂಬಾರರ ಕನ್ಯೆಯೊಬ್ಬಳು ಹಟ ಹಿಡಿಯಲು, ವ್ರತಭಂಗಕ್ಕೊಪ್ಪದ ಯೋಗಿಯು ತನ್ನ ಯೋಗದಂಡವನ್ನು ಮದುವೆಯಾಗಲು ಅನುಮತಿಯಿತ್ತನೆಂದೂ, ಮದುವೆಯ ಬಳಿಕ ಆಕೆ ಹೋಮಾಗ್ನಿಯನ್ನು ಪ್ರವೇಶಿಸಿದಳೆಂದೂ ಐತಿಹ್ಯವಿದೆ.

ದೈವವನ್ನೇ ಪತಿಯೆಂದು ಬಗೆದ ಹೆಣ್ಣಿನ ಕಥೆ ಎಲ್ಲೆಡೆಯೂ ಉಂಟು. ಆಂಡಾಳ್ ಶ್ರೀರಂಗನಾಥನಲ್ಲಿ ಐಕ್ಯಳಾದಳು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನರಸಿ ಶ್ರೀಶೈಲಕ್ಕೆ ನಡೆದಳು. ಇಟಲಿಯ ಸಿಯೆನಾದ ಕ್ಯಾಥರೀನಳಿಗೆ ಕ್ರಿಸ್ತನೇ ಉಂಗುರ ತೊಡಿಸಿದನೆಂಬ ಪ್ರತೀತಿಯಿದೆ. ರಜಪೂತರಲ್ಲಿ ವರನು ದೂರದಲ್ಲಿರುವಾಗ ಆತನ ಖಡ್ಗದೊಡನೆ ವಧುವಿಗೆ ಮದುವೆ ಮಾಡುವ ವಾಡಿಕೆಯಿತ್ತು. ಆದರೆ ಆ ಖಡ್ಗವು ಬರಲಾರದವನ ಪ್ರತಿನಿಧಿಯಾದರೆ, ಸೊಲ್ಲಾಪುರದ ದಂಡವು ಒಲ್ಲೆನೆಂದವನ ಪ್ರತಿನಿಧಿ. ಒಂದೇ ವಸ್ತುವಿನಲ್ಲಿ ಸ್ವೀಕಾರವೂ ನಿರಾಕರಣೆಯೂ ಒಟ್ಟಿಗೆ ನೆಲೆಸಿವೆ. ಆ ಹುಡುಗಿಯ ಆಸೆಯನ್ನು ಹಗುರವೆಂದು ತಳ್ಳದೆ, ಇಡಿಯ ಪಟ್ಟಣವೇ ವರ್ಷಕ್ಕೊಮ್ಮೆ ನೆರೆದು ಅವಳಿಗೆ ಅಕ್ಷತೆಯಿಕ್ಕುವುದು ನನ್ನ ಮಟ್ಟಿಗೆ ಈ ಕಥೆಯ ಹಿರಿಮೆ.

ಸಾಮ್ಯದ ನಡುವೆ ಇಂಥದೇ ಭೇದ ಸೊಲ್ಲಾಪುರ ಸೀಮೆಯ ಅಕ್ಕಲಕೋಟೆಯ ಐತಿಹ್ಯದಲ್ಲಿಯೂ ಉಂಟು. ಗಾಣಗಾಪುರದ ಯತಿ ನೃಸಿಂಹ ಸರಸ್ವತಿಗಳು ಶ್ರೀಶೈಲದ ಕಡೆ ಮರೆಯಾಗಿ, ಕದಳೀವನದಲ್ಲಿ ಅವರ ಸುತ್ತ ಹುತ್ತ ಬೆಳೆದು, ಶತಮಾನಗಳ ತರುವಾಯ ಕಟ್ಟಿಗೆಯವನೊಬ್ಬನ ಕೊಡಲಿ ತಾಗಿ ಎಚ್ಚತ್ತರೆಂದೂ, 1856ರ ಸುಮಾರಿಗೆ ಅಕ್ಕಲಕೋಟೆಗೆ ಬಂದು 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರು ಅವರೇ ಎಂದೂ ಭಕ್ತರ ನಂಬಿಗೆ. ಹುತ್ತವೆಂದೊಡನೆ ವಾಲ್ಮೀಕಿಯೂ, ದೀರ್ಘನಿದ್ರೆಯೆಂದೊಡನೆ ಕ್ರೈಸ್ತ ಐತಿಹ್ಯದ ಎಫೆಸಸ್ಸಿನ ಏಳು ಜನ ನಿದ್ರಿತರೂ ನೆನಪಾಗುವರು. ಎಫೆಸಸ್ಸಿನವರಾದರೋ ಎಚ್ಚತ್ತು, ತಮ್ಮ ಹಳೆಯ ನಾಣ್ಯ ಸಲ್ಲದ ಲೋಕವನ್ನು ಕಂಡು, ಸ್ವಲ್ಪದರಲ್ಲಿಯೇ ಮತ್ತೆ ಕಣ್ಣು ಮುಚ್ಚಿದರು. ಅಕ್ಕಲಕೋಟೆಗೆ ಬಂದವರು ಇಪ್ಪತ್ತಕ್ಕೂ ಮಿಕ್ಕ ವರ್ಷ ಊರವರ ನಡುವೆಯೇ ಬಾಳಿದರು.

ಇಂಥ ಸಾಮ್ಯಗಳನ್ನರಸುವವರಿಗೆ, ಅಮೆರಿಕದ ವಿದ್ವಾಂಸ ಸ್ಟಿತ್ ಥಾಂಪ್ಸನ್ ಜಗತ್ತಿನ ಜನಪದ ಆಶಯಗಳಿಗೆ ಅನುಕ್ರಮಸಂಖ್ಯೆ ಕೊಟ್ಟು 1932ರಿಂದ 1936ರವರೆಗೆ ಪ್ರಕಟಿಸಿದ ಸೂಚಿಯು ಮಹೋಪಕಾರಿಯಾದುದು. ಆದರೂ ಸಾಮ್ಯವನ್ನು ಕಂಡುಹಿಡಿದೊಡನೆ ಕೆಲಸ ತೀರಿತೆಂದುಕೊಳ್ಳುವುದೂ, ಎಲ್ಲವೂ ನಮ್ಮಿಂದಲೇ ಹೋದುದೆಂದು ಬೀಗುವುದೂ ಸಮನಾದ ಅವಿಚಾರ. ಕಥೆಯು ಎಲ್ಲಿ ಬೇರೆ ದಾರಿ ಹಿಡಿಯಿತೋ ಅಲ್ಲಿಯೇ ಆ ನೆಲದ ಜನರು ಏನನ್ನು ಆರಿಸಿಕೊಂಡರೆಂಬುದು ತಿಳಿಯುವುದು. ಅಚ್ಚಾದ ಒಂದೇ ಪಾಠವು ಉಳಿದೆಲ್ಲ ಹೇಳಿಕೆಗಳನ್ನು ನುಂಗುವುದಕ್ಕೆ ಮುನ್ನ, ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಅಧ್ಯಾಪಕರು ಈ ಕಥೆಗಳನ್ನು ಮನೆಮನೆಯ ಹಿರಿಯರ ಬಾಯಿಂದ ಮಕ್ಕಳ ಕೈಯಲ್ಲಿ ಬರೆಯಿಸಬೇಕು. ಹೇಳಿದವರ ಊರನ್ನೂ ವಯಸ್ಸನ್ನೂ ಜೊತೆಗೆ ನಮೂದಿಸಲಿ; ಭಾಷೆಯನ್ನು ತಿದ್ದದಿರಲಿ; ಅಜ್ಜಿ ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲಿಯೇ ಬರೆದುಕೊಳ್ಳಲಿ.